ಹೊಡೆಯದೆ ಕಲಿಸುವುದು
ನಾಯಿ ಮೈಮೇಲೆ ಹಾರಿದರೆ ಅದು ತಪ್ಪೇ? ಸರಿ ಯಾವುದೆಂದು ಅದಕ್ಕೆ ಯಾರಾದರೂ ಹೇಳಿಕೊಟ್ಟಿದ್ದರೆ ತಾನೇ ತಪ್ಪು! ಬಾಗಿಲ ಬೆಲ್ ಆದರೆ ನಮ್ಮ ಕರಿಯನಿಗೆ ಸಂಭ್ರಮ. ಬಂದವರ ಎದೆಗೇ ಮುಂಗಾಲು. "ನಾಲ್ಕು ಬಿಡಿ, ಸರಿಹೋಗುತ್ತೆ" ಅಂದರು ಪಕ್ಕದ ಮನೆಯ ರಾಯರು. ನಾನು ಒಪ್ಪಲಿಲ್ಲ. ಏಟು ತಿಂದ ನಾಯಿ ಕಲಿಯುವುದು ಭಯವನ್ನು. ಗುರುಗುಟ್ಟಿದ್ದಕ್ಕೂ ಹೊಡೆದರೆ, ಮುನ್ಸೂಚನೆ ಕೊಡದೆ ಕಚ್ಚುವುದನ್ನೂ ಕಲಿತೀತು.

ಹಾರಿದರೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುತ್ತೇವೆ, ಮಾತಿಲ್ಲ, ನೋಟವಿಲ್ಲ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರು, ಅದೂ ಮೂತಿಯ ಮಟ್ಟದಲ್ಲಿ ಹಿಡಿದು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಹಾರಿದಾಗ ಅತ್ತೆಯವರೊಬ್ಬರೇ "ಪಾಪ" ಎಂದು ತಲೆ ಸವರಿದರೂ ಕೆಲಸ ಕೆಟ್ಟಿತು.

ತಿನಿಸಿನ ಆಸೆಗೆ ತೋರುವ ಒಳ್ಳೆಯ ನಡತೆ ಧರ್ಮವೇ ಎಂದು ಮಗಳು ಕೇಳಿದಳು. ನನ್ನ ಪ್ರಕಾರ ಧರ್ಮದ ಹೊರೆ ಕಲಿಸುವವರ ಮೇಲಿದೆ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲೂ ಪರೀಕ್ಷೆಗೆ ನಿಂತದ್ದು ನಾಯಿಯಲ್ಲ, ಯುಧಿಷ್ಠಿರ. ಜೊತೆಗೆ ನಡೆದು ಬಂದ ನಾಯಿ ಸಾಕ್ಷಾತ್ ಧರ್ಮ. ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗಕ್ಕೂ ಬರುವುದಿಲ್ಲ ಎಂದನಲ್ಲ, ಆ ಹಟ ನನಗೆ ಬೇಕು.

ಬೆಲ್ಲಿಗೆ ಬೊಗಳುವುದು ಇನ್ನೂ ನಿಂತಿಲ್ಲ. ಫೋನಿನಲ್ಲಿ ಅದೇ ಸದ್ದು ರೆಕಾರ್ಡ್ ಮಾಡಿ, ಮೆಲ್ಲಗೆ ಕೇಳಿಸಿ, ಸುಮ್ಮನಿದ್ದಾಗ ತಿನಿಸು ಕೊಡುತ್ತಿದ್ದೇವೆ.