ಕಪ್ಪು ತಟ್ಟೆಯನ್ನೂ ಮೇಜಿನ ಮೇಲಿಡಿ

ಎರಡು ಬಟ್ಟಲು. ಒಂದರಲ್ಲಿ ಪುಡಿ ಮಾಡಿದ ಸಕ್ಕರೆ, ಇನ್ನೊಂದರಲ್ಲಿ ಒಣ ಉಪ್ಪು. ಕಣ್ಣಿಗೆ ಎರಡೂ ಬಿಳಿಯೇ. ಹ್ಯಾಲೊಜೆನ್ ದೀಪದ ಕೆಳಗೆ ಅವನ್ನಿಟ್ಟು ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾದಿಂದ ನೋಡಿದರೆ ಪರದೆಯ ಮೇಲೆ ಒಂದು ಕೆಂಪಾಗಿ, ಮತ್ತೊಂದು ನೀಲಿಯಾಗಿ ಕಾಣುತ್ತದೆ. ರೋಹಿತ ಚಿತ್ರಣ ಎಂದರೇನೆಂದು ವಾಣಿಜ್ಯ ಮೇಳದ ಜನರಿಗೆ ತೋರಿಸಲು ಇಷ್ಟು ಸಾಕು, ನಿಂತವರು ಬೆರಗಾಗುತ್ತಾರೆ. ಆ ಬೆರಗು ಹುಟ್ಟಿದ ಗಳಿಗೆಯಿಂದಲೇ ಮಳಿಗೆ ರೂಪಿಸಿದವರ ಹೊಣೆಯೂ ಶುರು.

ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಮೂರು ಬಗೆಯ ಕೋಶಗಳಿಂದ ಗ್ರಹಿಸಿ ಬಣ್ಣ ಕಾಣುತ್ತದೆ. ಈ ಕ್ಯಾಮೆರಾ ಅವಕೆಂಪಿನೊಳಗೂ ಹೊಕ್ಕು, ಚಿತ್ರದ ಪ್ರತಿಯೊಂದು ಚುಕ್ಕಿಯ ಬೆಳಕನ್ನು ನೂರಾರು ಕಿರುಪಟ್ಟಿಗಳಾಗಿ ಬಿಡಿಸುತ್ತದೆ. ಸಕ್ಕರೆಯ ಅಣುಬಂಧಗಳು ಅವಕೆಂಪಿನ ಕೆಲವು ತರಂಗಗಳನ್ನು ಹೀರುತ್ತವೆ, ಒಣ ಉಪ್ಪು ಹೀರುವುದಿಲ್ಲ. ವ್ಯತ್ಯಾಸ ನಿಜ. ಆದರೆ ಪರದೆಯ ಕೆಂಪು ನೀಲಿಗಳು ತಂತ್ರಾಂಶ ಬಳಿದವು. ಅವನ್ನು ನೋಡುಗರೇ ಬದಲಾಯಿಸುವಂತೆ ಒಂದು ಗುಂಡಿ ಇಡಬೇಕು. ಬಣ್ಣ ಬದಲಾದರೂ ಕೆಳಗಿನ ರೋಹಿತದ ಗೆರೆ ಅಲುಗದಿರುವುದನ್ನು ಕಂಡಾಗ, ಯಾವುದು ಅಳತೆ, ಯಾವುದು ಅಲಂಕಾರ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಇನ್ನೂ ಕಷ್ಟದ ಮಾತು ಬೇರೆ ಇದೆ. ಮರುಬಳಕೆ ಘಟಕಗಳಲ್ಲಿ ಬೆಲ್ಟಿನ ಮೇಲೆ ಓಡುವ ಪೆಟ್, ಪಿವಿಸಿ ಮುಂತಾದ ಪ್ಲಾಸ್ಟಿಕ್ಕುಗಳನ್ನು ಈ ಬಗೆಯ ಉಪಕರಣಗಳು ಬೇರೆಬೇರೆಯಾಗಿ ಗುರುತಿಸುತ್ತವೆ. ಆದರೆ ಊಟ ಕಟ್ಟಿಕೊಡುವ ಕಪ್ಪು ತಟ್ಟೆ ಬಂದರೆ ಸಾಮಾನ್ಯವಾಗಿ ಸೋಲುತ್ತವೆ. ಕಪ್ಪಿಗಾಗಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಅವು ಬಳಸುವ ಅವಕೆಂಪು ಬೆಳಕನ್ನು ಹೆಚ್ಚೂಕಡಿಮೆ ಪೂರ್ತಿ ನುಂಗಿಬಿಡುತ್ತದೆ. ಆ ತಟ್ಟೆ ಪ್ರದರ್ಶನದ ಮೇಜಿನ ಮೇಲೆ ಇರಬೇಕೋ ಬೇಡವೋ? ಇರಲೇಬೇಕು ಎನ್ನುತ್ತೇನೆ. ಗಿರಾಕಿ ಪಕ್ಕದ ಮಳಿಗೆಗೆ ಹೋದಾನು ಎಂಬ ಭಯ ಸಹಜ. ಆದರೆ ಮೇಳದಲ್ಲಿ ಮುಚ್ಚಿಟ್ಟದ್ದು ಘಟಕದಲ್ಲಿ ಬಯಲಾಗುತ್ತದೆ. ಆಗ ಅದರ ಭಾರ ಬೀಳುವುದು ಬೆಲ್ಟಿನ ಪಕ್ಕ ನಿಂತು ಕೈಯಲ್ಲಿ ಕಸ ಆರಿಸುವವರ ಮೇಲೆ. ಅವರನ್ನು ಮೇಳಕ್ಕೆ ಯಾರೂ ಕರೆದಿರುವುದಿಲ್ಲ.

ಮುಚ್ಚಿಡಬಾರದ ಮಿತಿ ಇನ್ನೊಂದಿದೆ. ಸಕ್ಕರೆ, ಉಪ್ಪು ಎರಡನ್ನೇ ಕಲಿಸಿದ ತಂತ್ರಾಂಶ ಅಕ್ಕಿಹಿಟ್ಟನ್ನೂ ಆ ಎರಡರಲ್ಲೊಂದು ಎಂದೇ ಹೇಳುತ್ತದೆ. ‘ಗೊತ್ತಿಲ್ಲ’ ಎಂಬ ಉತ್ತರವನ್ನೂ ಅದಕ್ಕೆ ಕಲಿಸಿಯೇ ಮೇಳಕ್ಕೆ ತರಬೇಕು. ಗೊತ್ತಿರುವಷ್ಟನ್ನೇ ಹೇಳಿದ ಉದಾಹರಣೆಯೂ ಇದೆ. ಚಂದ್ರಯಾನ-1ರಲ್ಲಿದ್ದ ನಾಸಾದ ಎಂ3 ಉಪಕರಣ ಇದೇ ರೋಹಿತ ಚಿತ್ರಣದಿಂದ ಚಂದ್ರನ ನೆಲದಲ್ಲಿ ನೀರಿನ ಸುಳಿವು ಹಿಡಿಯಿತು. 2009ರಲ್ಲಿ ಅದನ್ನು ಪ್ರಕಟಿಸಿದ ವಿಜ್ಞಾನಿಗಳು ನೀರು ಎಂದಷ್ಟೇ ಬರೆಯದೆ, ಹೈಡ್ರಾಕ್ಸಿಲ್ ಇಲ್ಲವೇ ನೀರು ಎಂದು ಎರಡನ್ನೂ ಸೇರಿಸಿ ಬರೆದರು. ಅಷ್ಟು ದೊಡ್ಡ ಸಂಗತಿಯಲ್ಲೂ ಅವರು ಅಳತೆಗಿಂತ ಮುಂದೆ ಹೋಗಲಿಲ್ಲ.

ಇಂಥ ಮಳಿಗೆಯ ಮುಂದೆ ನಿಂತಾಗ ನಿಮ್ಮ ಚೀಲದಿಂದ ಏನಾದರೊಂದು ತೆಗೆದು ದೀಪದ ಕೆಳಗಿಡಿ. ಯಂತ್ರಕ್ಕೆ ಯಾವುದು ಕಾಣುವುದಿಲ್ಲ ಎಂದು ಕೇಳಿ. ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ.