ಹೊಸ್ತಿಲು ತಗ್ಗಿಸುವ ಹೊಣೆ ಯಾರದು?

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಇವು ಶ್ರಾವಕನ ಷಟ್ಕರ್ಮಗಳು. ಇವುಗಳಲ್ಲಿ ದಾನವು ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಬಸದಿಯ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣ ಮಹೋತ್ಸವಕ್ಕೆ, ಮುನಿಗಳ ಚಾತುರ್ಮಾಸಕ್ಕೆ ಕೊಡುವ ಕೈಗಳು ಅನೇಕ. ಆದರೆ ತನ್ನ ಮನೆಯ ಹೊಸ್ತಿಲನ್ನು ತಾನೇ ದಾಟಲಾರದ ಸಾಧರ್ಮಿಗಾಗಿ ಆ ಹೊಸ್ತಿಲನ್ನು ತಗ್ಗಿಸುವ ಖರ್ಚನ್ನು ಯಾರು ಹೊರಬೇಕು, ಅದು ಯಾವ ಬಗೆಯ ಕೊಡುಗೆ ಎಂಬ ಪ್ರಶ್ನೆ ಎದ್ದಾಗ ಉತ್ತರಿಸುವವರು ವಿರಳ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳೆಯ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಬೀದಿಯಿಂದ ಕಟ್ಟೆಗೆ ನಾಲ್ಕು ಮೆಟ್ಟಿಲು, ಎತ್ತರದ ಹೊಸ್ತಿಲು, ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರ ಕೋಣೆ. ಬಚ್ಚಲು, ಪಾಯಖಾನೆಗಳು ಹಿತ್ತಲಿನಲ್ಲಿ. ಆ ಮನೆಯ ಮೂವತ್ತೈದು ವರ್ಷದ ಸೊಸೆಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗವಿದೆ ಎಂದು ಭಾವಿಸೋಣ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ಈ ರೋಗ ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಮೊದಲ ವರ್ಷ ಆಕೆಯ ಕಾಲು ಎಳೆಯುತ್ತದೆ. ಬಳಿಕ ಕೋಲು ಬೇಕಾಗುತ್ತದೆ. ಅನಂತರ ಗಾಲಿಕುರ್ಚಿ. ಡುಶೆನ್ ಎಂಬ ಸ್ನಾಯುಕ್ಷಯವುಳ್ಳ ಬಾಲಕರು ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ ನಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಪಾರ್ಕಿನ್ಸನ್ ರೋಗವುಳ್ಳ ಹಿರಿಯರ ಪಾದ ಬಾಗಿಲ ಬಳಿ ಬಂದೊಡನೆ ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಹೆಸರು ಬೇರೆಯಾದರೂ ಇವುಗಳ ಲಕ್ಷಣ ಒಂದೇ: ಇಂದು ಸಾಕಾದದ್ದು ಮುಂದಿನ ವರ್ಷಕ್ಕೆ ಸಾಲದು.

ಮನೆಯನ್ನು ಇಂಥವರಿಗೆ ಹೊಂದಿಸುವ ಲೆಕ್ಕವೂ ಸರಳವಲ್ಲ. ಗಾಲಿಕುರ್ಚಿ ಏರುವ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಎರಡೂವರೆ ಅಡಿ ಎತ್ತರದ ಕಟ್ಟೆಗೆ ಮೂವತ್ತು ಅಡಿ. ಪೇಟೆಯ ಮನೆಯ ಮುಂದೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಬಾಗಿಲು ಸುಮಾರು ಮೂರು ಅಡಿ ಅಗಲವಾಗಬೇಕು. ಕುರ್ಚಿ ತಿರುಗಲು ಐದು ಅಡಿ ಬಯಲು ಬೇಕು. ಹಿತ್ತಲಿನ ಬಚ್ಚಲು ಒಳಗೆ ಬರಬೇಕು, ಗೋಡೆಗೆ ಹಿಡಿಕೆ ಕೂಡಿಸಬೇಕು.

ಸರಕಾರದ ನೆರವು ಇಲ್ಲವೆಂದಲ್ಲ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿ, ಸ್ನಾಯುಕ್ಷಯ, ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ ರೋಗಗಳನ್ನೂ ಅದರಲ್ಲಿ ಸೇರಿಸಿತು. ಕೇಂದ್ರದ ಯೋಜನೆಯೊಂದರಲ್ಲಿ ಗಾಲಿಕುರ್ಚಿಯಂಥ ಸಾಧನಗಳು ದೊರೆಯುತ್ತವೆ. ಆದರೆ ಗೋಡೆ ಒಡೆದು ಬಾಗಿಲು ಅಗಲಿಸುವ ಖರ್ಚು ಆ ಯೋಜನೆಯಲ್ಲಿ ಇಲ್ಲ. ಕುರ್ಚಿ ಬರುತ್ತದೆ, ಪಡಸಾಲೆಯಲ್ಲೇ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 1990ರಿಂದ ಇಂಥ ಮಾರ್ಪಾಟಿಗೆ ಅನುದಾನ ನೀಡುವುದು ಸ್ಥಳೀಯ ಆಡಳಿತದ ಮೇಲೆ ಕಾನೂನು ಹೊರಿಸಿದ ಕರ್ತವ್ಯವಾಗಿದೆ. ಅಲ್ಲಿಯೂ ಕುಟುಂಬದ ಆದಾಯದ ಪರೀಕ್ಷೆಯುಂಟು. ನಮ್ಮಲ್ಲಿ ಆ ಹೊರೆ ಕುಟುಂಬದ ಮೇಲೆಯೇ ಬೀಳುತ್ತದೆ.

ಕುಟುಂಬದಲ್ಲಿ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಮೂರು. ಮೊದಲನೆಯದು: "ಅವರವರ ಕರ್ಮ, ಅನುಭವಿಸಲೇಬೇಕು." ಅಸಾತಾವೇದನೀಯದ ಉದಯದಿಂದ ದುಃಖ ಬರುತ್ತದೆ ಎಂಬುದು ಸಿದ್ಧಾಂತ. ಆದರೆ ರೋಗ ಕರ್ಮದ ಫಲವಾಗಿರಬಹುದು. ಮೆಟ್ಟಿಲಿನ ಎತ್ತರ ಗೌಂಡಿಯ ಕೆಲಸ. ಕರ್ಮಸಿದ್ಧಾಂತವನ್ನು ತಂದೆಯೆದುರು ಅಳುಕದೆ ಎತ್ತಿ ಹಿಡಿದ ಮೈನಾಸುಂದರಿಯೇ ಕುಷ್ಠಪೀಡಿತನಾದ ಶ್ರೀಪಾಲನನ್ನೂ ಅವನ ಏಳುನೂರು ಸಂಗಡಿಗರನ್ನೂ ಉಪಚರಿಸಿದಳು. ಕರ್ಮವನ್ನು ನಂಬಿದವಳು ಕೈಕಟ್ಟಿ ಕೂಡಲಿಲ್ಲ.

ಎರಡನೆಯದು: "ವಾಸಿಯಾಗದ ರೋಗಕ್ಕೆ ಇಷ್ಟು ಹಣವೇಕೆ?" ಈ ಮಾತು ಔಷಧದಾನವನ್ನು ಮಾತ್ರ ದಾನವೆಂದು ತಿಳಿಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ: ಆಹಾರ, ಔಷಧ, ಉಪಕರಣ, ಆವಾಸ. ಅಲ್ಲಿಯ ಪ್ರಸಂಗ ತಪೋಧನರ ಸೇವೆಯದು ಎಂಬುದು ನಿಜ. ಆದರೂ ಆ ವಿಭಾಗದ ಹಿಂದಿನ ವಿವೇಕವನ್ನು ಗಮನಿಸಬೇಕು. ಔಷಧದ ಕೆಲಸ ಮುಗಿದ ಕಡೆಯಲ್ಲಿಯೂ ಉಪಕರಣ ಮತ್ತು ಆವಾಸಗಳ ಕೆಲಸ ಉಳಿದೇ ಇರುತ್ತದೆ. ರೋಗ ಹೋಗದಿದ್ದರೂ ಪರರ ನೆರವಿಲ್ಲದೆ ಸ್ನಾನ ಮಾಡಿ, ಮಡಿಯುಟ್ಟು, ಜಿನಬಿಂಬದ ಮುಂದೆ ಕುಳಿತುಕೊಳ್ಳುವುದು ಸಾಧ್ಯವಾದರೆ ಅದು ಸಣ್ಣ ಫಲವಲ್ಲ.

ಮೂರನೆಯ ಮಾತು ಬಾಯಿಬಿಟ್ಟು ಆಡುವುದು ಕಡಿಮೆ, ಆಡಿದಾಗ ಅತ್ಯಂತ ನೋಯಿಸುತ್ತದೆ: "ತವರಿನವರು ಕೊಡಲಿ, ಇದು ಅಣ್ಣತಮ್ಮಂದಿರ ಪಾಲಿನ ಮನೆ, ಒಡೆಯುವುದು ಸಾಧ್ಯವಿಲ್ಲ." ಇಲ್ಲಿ ವಾಸ್ತುವಿನ ಮೇಲಿನ ಮೂರ್ಛೆ ಎದ್ದು ಕಾಣುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರ ಮತ್ತು ವಾಸ್ತುಗಳಿಂದಲೇ ಆರಂಭಿಸುವುದು ಸಕಾರಣವಾಗಿದೆ. ಮಾಳಿಗೆಯ ಮೇಲೆ ಮತ್ತೊಂದು ಮಾಳಿಗೆ ಏರಿಸುವುದು ಪರಿಗ್ರಹವನ್ನು ಬೆಳೆಸುತ್ತದೆ; ಮನೆಯವರೊಬ್ಬರು ಬಚ್ಚಲು ತಲುಪಲೆಂದು ಗೋಡೆ ಒಡೆಯುವುದು ಅದನ್ನು ತಗ್ಗಿಸುತ್ತದೆ. ಆ ಮನೆಯಲ್ಲಿ ಹತ್ತಾರು ವರ್ಷ ಅಡುಗೆ ಮಾಡಿ, ಹಿರಿಯರ ಸೇವೆ ಮಾಡಿದವಳು ಕಾಲು ಸೋತ ದಿನ ಪರಕೀಯಳಾಗುವಳೆ?

ಹಾಗಾದರೆ ಇದು ಯಾವ ಬಗೆಯ ಕೊಡುಗೆ? ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ದೀನರಿಗೆ ಕರುಣೆಯಿಂದ ಅಭಯ ನೀಡುವುದು ದಯಾದತ್ತಿ. ತಪೋಧನರಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ತನಗೆ ಸಮಾನನಾದ ಗೃಹಸ್ಥನಿಗೆ ಗೌರವದಿಂದ ಭೂಮಿ, ಸುವರ್ಣಾದಿಗಳನ್ನು ಕೊಡುವುದು ಸಮದತ್ತಿ. ಮನೆತನದ ಹೊಣೆಯನ್ನು ಮಗನಿಗೆ ಒಪ್ಪಿಸುವುದು ಅನ್ವಯದತ್ತಿ. ದೇಹ ಕುಂದುತ್ತಿರುವ ಸಾಧರ್ಮಿಗೆ ಕೊಡುವುದನ್ನು ಸಮಾಜ ದಯಾದತ್ತಿಯೆಂದೇ ಭಾವಿಸುತ್ತ ಬಂದಿದೆ. ತಪ್ಪಿರುವುದು ಇಲ್ಲಿಯೇ. ಕಾಲಿನ ಬಲ ಕುಗ್ಗಿದ ಮಾತ್ರಕ್ಕೆ ಶ್ರಾವಕಿಯ ಸಮಾನತೆ ಕುಗ್ಗುವುದಿಲ್ಲ. ಆದುದರಿಂದ ಇದು ಸಮದತ್ತಿ. ಕರುಣೆಯಿಂದ ಕೊಡುವವನು ತನ್ನ ಮನಸ್ಸು ಕರಗಿದಾಗ ಕೊಡುತ್ತಾನೆ. ಸಮಾನರಿಗೆ ಕೊಡುವವನು ಅವರಿಗೆ ಬೇಕಾದಾಗ, ಅವರನ್ನು ಕೇಳಿ ಕೊಡುತ್ತಾನೆ.

ಬೇಕಾದಾಗ ಎಂಬ ಮಾತನ್ನು ಈ ನಾಡಿನ ಹಿರಿಯರು ಚೆನ್ನಾಗಿ ಅರಿತಿದ್ದರು. ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯಲ್ಲಿ ರಟ್ಟರು ಬಸದಿಗಳಿಗೆ ಭೂಮಿ ಬಿಟ್ಟರು, ಕ್ರಿ.ಶ. 980ರಲ್ಲಿ ಶಾಂತಿವರ್ಮನು ಬಿಟ್ಟ ದತ್ತಿ ಶಾಸನದಲ್ಲಿದೆ. ಕರ್ನಾಟಕದ ಬಸದಿ ಶಾಸನಗಳಲ್ಲಿ ಪೂಜೆ ಮತ್ತು ಆಹಾರದಾನಗಳ ಜೊತೆಗೆ ಪದೇ ಪದೇ ಕಾಣುವ ಮಾತು ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು. ಕಟ್ಟಡ ಬಿದ್ದ ಮೇಲೆ ವಂತಿಗೆ ಎತ್ತೋಣವೆಂದು ಅವರು ಕಾಯಲಿಲ್ಲ. ಜೀರ್ಣವಾಗುವುದು ಪುದ್ಗಲದ ಸ್ವಭಾವವೆಂದು ತಿಳಿದು ಮೊದಲೇ ಭೂಮಿ ಬಿಟ್ಟರು. ದೇಹವೂ ಪುದ್ಗಲವೇ. ಕಲ್ಲಿನ ಬಿರುಕಿಗೆ ಸಾವಿರ ವರ್ಷಗಳ ಹಿಂದೆಯೇ ಸ್ಥಿರನಿಧಿಯನ್ನಿಟ್ಟ ಸಮಾಜಕ್ಕೆ ಜೀವವುಳ್ಳ ದೇಹದ ಬಿರುಕಿಗೆ ಅಂಥದೊಂದನ್ನು ಇಡುವುದು ಅಶಕ್ಯವೇನಲ್ಲ.

ಬಸದಿಯ ವಿಶ್ವಸ್ಥ ಮಂಡಳಿಗಳಿಗೆ ಇಲ್ಲಿ ಒಂದು ಸಂಕೋಚ ಸಹಜ. ಪೂಜೆಗೆಂದು ಬಂದ ದ್ರವ್ಯವನ್ನು ಬೇರೆಡೆಗೆ ತಿರುಗಿಸಲಾಗದು, ನಿರ್ಮಾಲ್ಯವನ್ನು ಮುಟ್ಟಲಾಗದು. ಈ ಸಂಕೋಚ ಗೌರವಾರ್ಹ. ಅದಕ್ಕಾಗಿ ದಾನಿಗಳಿಗೆ ಮೊದಲೇ ತಿಳಿಸಿ, ಪ್ರತ್ಯೇಕ ಲೆಕ್ಕವಿಟ್ಟು ಸಮದತ್ತಿ ನಿಧಿಯೊಂದನ್ನು ತೆರೆಯಬಹುದು. ಶಕ್ತಿಯುಳ್ಳ ಕುಟುಂಬಕ್ಕೆ ಬಡ್ಡಿಯಿಲ್ಲದ ಕೈಗಡ, ಇಲ್ಲದವರಿಗೆ ಮರಳಿ ಕೇಳದ ಹಣ. ಬೆಳೆಯುವ ರೋಗದಲ್ಲಿ ಕೋಲು, ಆಸರೆಯ ಚೌಕಟ್ಟು, ಕಮೋಡ್ ಕುರ್ಚಿ ಒಂದೊಂದು ಹಂತಕ್ಕೆ ಬೇಕಾಗಿ ಮುಂದಿನ ಹಂತದಲ್ಲಿ ಮೂಲೆ ಸೇರುತ್ತವೆ. ನಾಲ್ಕು ಊರುಗಳ ಮಂಡಳಿಗಳು ಸೇರಿ ಒಂದು ಉಪಕರಣ ಭಂಡಾರವನ್ನಿಟ್ಟರೆ ಒಬ್ಬರು ಬಿಟ್ಟದ್ದು ಮತ್ತೊಬ್ಬರಿಗೆ ಒದಗುತ್ತದೆ. ಅಲ್ಲಿಗೆ ಬಂದ ನೆರೆಯವರ ಜಾತಿಯನ್ನು ಕೇಳಬೇಕಾದ ಕಾರಣವಿಲ್ಲ. ಬಸದಿಯ ಗೋಡೆಯ ಮೇಲೆ ದಾನಿಯ ಹೆಸರು ಶೋಭಿಸಬಹುದು. ರೋಗಿಯ ಕುರ್ಚಿಯ ಬೆನ್ನ ಮೇಲೆ ಅದು ನಿತ್ಯದ ಚುಚ್ಚು. ಇಲ್ಲಿ ಗುಪ್ತದಾನವೇ ಶ್ರೇಷ್ಠ.

ಹೊಸ ಮನೆ ಕಟ್ಟುವವರಿಗೂ ಒಂದು ಕರ್ತವ್ಯವಿದೆ. ಗೋಡೆ ಏಳುವ ಮೊದಲೇ ಬಾಗಿಲು ಅಗಲವಾಗಿಟ್ಟು, ನೆಲಅಂತಸ್ತಿನಲ್ಲೊಂದು ಬಚ್ಚಲು ಮಾಡಿದರೆ ಮುಂದೆ ಒಡೆಯುವ ಖರ್ಚೇ ಬಾರದು. ಅದು ಯಾರಿಗೆ ಬೇಕಾದೀತೆಂದು ಕಟ್ಟುವಾಗ ಯಾರೂ ಅರಿಯರು, ಕಟ್ಟಿಸುವವರಿಗೇ ಬೇಕಾದೀತು.

ಜೀವಗಳು ಒಂದಕ್ಕೊಂದು ಉಪಕರಿಸುವುದೇ ಅವುಗಳ ಧರ್ಮವೆಂದು ಉಮಾಸ್ವಾಮಿಗಳು ಹೇಳಿದರು. ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಿಂದ ಆ ಸೂತ್ರ ಜೈನ ಪ್ರತೀಕದ ಕೆಳಗೆ ಬರೆಯಲ್ಪಡುತ್ತಿದೆ. ಎಷ್ಟೋ ಮನೆಗಳ ಬಾಗಿಲ ಮೇಲೆಯೂ ಉಂಟು. ಆ ಬಾಗಿಲಿನ ಕೆಳಗಿರುವ ಹೊಸ್ತಿಲನ್ನು ದಾಟಲಾರದೆ ಒಳಗೆ ಕುಳಿತವರು ಯಾರಾದರೂ ಇದ್ದಾರೆಯೇ ಎಂದು ಶ್ರಾವಕರು ಒಮ್ಮೆ ನೋಡಬೇಕು. ಇದ್ದರೆ, ಅವರು ಬಾಯಿಬಿಟ್ಟು ಕೇಳುವ ಮೊದಲೇ ಗೌಂಡಿಯನ್ನು ಕರೆಸಬೇಕು.