ದಾರಿ ಬಿಡತಕ್ಕವರಾರು?

ಒಬ್ಬರು ನಡೆಯುವಷ್ಟೇ ಅಗಲವಿರುವ ಕಾಲುದಾರಿಯಲ್ಲಿ ಇಬ್ಬರು ಎದುರಾದರೆ ಬದಿಗೆ ಸರಿಯತಕ್ಕವರು ಯಾರು? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಆಚಾರವೆಂಬುದು ಪೂಜೆಯ ಮಣೆಯ ಮೇಲೆ ಮಾತ್ರ ಇರತಕ್ಕ ವಸ್ತುವಲ್ಲ. ಮನೆಯ ಹೊಸ್ತಿಲು ದಾಟಿದೊಡನೆ ಅದರ ಮೊದಲ ಪರೀಕ್ಷೆ ನಡೆಯುವುದು ದಾರಿಯಲ್ಲಿ. ಅಲ್ಲಿ ಎದುರಾಗುವವನು ಗುರುತಿನವನಲ್ಲ, ನೆಂಟನಲ್ಲ, ನಾಳೆ ಮತ್ತೆ ಕಾಣುವವನೂ ಅಲ್ಲ.

ಜಮಖಂಡಿಯ ನೆರೆಯ ಹುನ್ನೂರಿನಂತಹ ಊರುಗಳಲ್ಲಿ ಈ ಪ್ರಶ್ನೆಯ ಎರಡು ಪಕ್ಷಗಳೂ ಒಂದೇ ಮನೆಯಲ್ಲಿ ದೊರೆಯುವುದುಂಟು. ಯುಗಾದಿ ಸಮೀಪಿಸಿತೆಂದರೆ ಅಜ್ಜನು ಕಂಬಿಯ ಸಂಗಡ ಶ್ರೀಶೈಲಕ್ಕೆ ನಡೆದು ಹೊರಡುತ್ತಾನೆ. ಮೊಮ್ಮಗನು ನಸುಕಿನಲ್ಲೆದ್ದು ಸೈಕಲ್ಲು ತುಳಿಯುತ್ತಾನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಂದ್ಯದ ತರುಣರಿಗೆ ಹೆಸರಾದವು. ಇದು ಹೆಮ್ಮೆಯ ಸಂಗತಿಯೇ. ಆದರೆ ಈಗ ಕಲ್ಲಿಗೂ ಕೊರಕಲಿಗೂ ಅಂಜದ, ದಪ್ಪ ಗಾಲಿಯ ಮೌಂಟನ್ ಬೈಕ್ ಎಂಬ ಸೈಕಲ್ಲು ಬಂದಿದೆ. ೧೯೭೦ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ತಮಾಲ್ಪಾಯಿಸ್ ಬೆಟ್ಟದಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಓಡಿಸಿ ಬೆಳೆಸಿದ ಈ ವಿನೋದವು ಇಂದು ನಮ್ಮ ಗುಡ್ಡಗಳಿಗೂ ತಲುಪಿದೆ. ಕಬ್ಬಿನ ಟ್ರ್ಯಾಕ್ಟರುಗಳು ತುಂಬಿದ ಡಾಂಬರು ರಸ್ತೆಯಲ್ಲಿ ಪ್ರಾಣಭಯವೆಂದು ಸೈಕಲ್ಲಿನವನು ಗುಡ್ಡದ ದಾರಿ ಹಿಡಿದರೆ ಅವನನ್ನು ಜರೆಯುವುದು ನ್ಯಾಯವಲ್ಲ. ಆದರೆ ಅವನು ಯಾವ ಭಯದಿಂದ ಓಡಿಬಂದನೋ ಆ ಭಯವನ್ನೇ ಗುಡ್ಡದಲ್ಲಿ ಮತ್ತೊಬ್ಬರಿಗೆ ತಂದಿಟ್ಟರೆ ಏನೆನ್ನಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ. ನಡೆಯುವವನು ಗಂಟೆಗೆ ೪–೫ ಕಿಲೋಮೀಟರಿನಂತೆ ಸಾಗಿದರೆ ಒಂದು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ಒಂದು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತಾನೆ. ಇಳಿಜಾರಿನಲ್ಲಿ ಗಂಟೆಗೆ ೨೦ ಕಿಲೋಮೀಟರಿನಂತೆ ಬರುವ ಸೈಕಲ್ಲು ಅದೇ ಅವಧಿಯಲ್ಲಿ ಐದೂವರೆ ಮೀಟರು ಸಾಗುತ್ತದೆ. ಕಣ್ಣು ಕಂಡದ್ದು ಕೈಗೆ ತಿಳಿದು ಬ್ರೇಕು ಹಿಡಿಯುವುದಕ್ಕೇ ಆ ಒಂದು ಸೆಕೆಂಡು ಬೇಕು. ನಿಲ್ಲುವುದು ಆಮೇಲಿನ ಮಾತು. ಕಾಡಿನ ತಿರುವಿನಲ್ಲಿ ಕಣ್ಣಿಗೆ ಕಾಣುವ ದಾರಿ ನಾಲ್ಕೇ ಮೀಟರಿದ್ದರೆ ಸವಾರನು ಎಷ್ಟೇ ಸಜ್ಜನನಾಗಿದ್ದರೂ ಪ್ರಯೋಜನವಿಲ್ಲ. ಅವನ ಸೌಜನ್ಯವು ತಿರುವಿಗೆ ಮೊದಲೇ ಕೈಗೆ ಬಂದಿರಬೇಕು. ವೇಗವೆಂಬುದು ಕೇವಲ ಕಾಲಿನ ಸಾಮರ್ಥ್ಯವಲ್ಲ. ಎದುರಿನವನನ್ನು ಮನುಷ್ಯನೆಂದು ಕಾಣಲು ಉಳಿಯುವ ಅವಕಾಶವನ್ನು ಅದು ತಿನ್ನುತ್ತದೆ. ನಿಧಾನವಾಗಿ ಬರುವವನಿಗೆ ಎದುರಿನಲ್ಲಿ ಒಬ್ಬ ಮುದುಕಿ ಕಾಣುತ್ತಾಳೆ. ವೇಗವಾಗಿ ಬರುವವನಿಗೆ ಒಂದು ಅಡ್ಡಿ ಮಾತ್ರ ಕಾಣುತ್ತದೆ.

ಈ ಸೂಕ್ಷ್ಮವನ್ನು ಲೋಕದ ಕಾನೂನುಗಳೂ ಅರಿತಿವೆ. ಇಂಗ್ಲೆಂಡಿನಲ್ಲಿ ೧೯೬೮ರ ಗ್ರಾಮಾಂತರ ಶಾಸನವು ಕುದುರೆ ಸವಾರರ ಕಾಡುದಾರಿಗಳಲ್ಲಿ ಸೈಕಲ್ಲಿಗೆ ಪ್ರವೇಶ ಕೊಟ್ಟಿತು. ಕೊಡುವಾಗಲೇ, ನಡೆಯುವವರಿಗೂ ಕುದುರೆಯ ಮೇಲಿನವರಿಗೂ ಸೈಕಲ್ಲಿನವನು ದಾರಿ ಬಿಡತಕ್ಕದ್ದೆಂದು ವಿಧಿಸಿತು. ಅಮೆರಿಕೆಯ ಅರಣ್ಯಗಳಲ್ಲಿ ತ್ರಿಕೋನಾಕಾರದ ಫಲಕವೊಂದು ಬಳಕೆಯಲ್ಲಿದೆ: ಚಕ್ರವು ಕಾಲಿಗೆ ದಾರಿ ಬಿಡಬೇಕು, ಅವೆರಡೂ ಕುದುರೆಗೆ ದಾರಿ ಬಿಡಬೇಕು. ಕುದುರೆಯು ಬಲಿಷ್ಠವಲ್ಲವೇ, ಅದಕ್ಕೇಕೆ ಮೊದಲ ಮರ್ಯಾದೆ ಎಂದು ಕೇಳಬಹುದು. ಅದು ಬೆದರುವ ಪ್ರಾಣಿ. ತನ್ನನ್ನು ತಾನು ತಡೆದುಕೊಳ್ಳಲಾರದು. ಹೀಗೆ ನೋಡಿದರೆ ಆ ಫಲಕದಲ್ಲಿರುವುದು ಮೇಲು ಕೀಳುಗಳ ಶ್ರೇಣಿಯಲ್ಲ, ತಡೆದುಕೊಳ್ಳಬಲ್ಲವನು ತಡೆದುಕೊಳ್ಳಲಿ ಎಂಬ ವಿವೇಕ.

ನಮ್ಮ ಗುಡ್ಡಗಳಲ್ಲಿ ಈ ವಿವೇಕಕ್ಕೆ ಕುದುರೆಯ ದೃಷ್ಟಾಂತ ಬೇಕಿಲ್ಲ. ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಇಳಿಯುವ ಹೆಣ್ಣುಮಗಳನ್ನು ನೋಡಿದರೆ ಸಾಕು. ಅವಳು ಕತ್ತು ತಿರುಗಿಸಲಾರಳು, ಥಟ್ಟನೆ ನಿಲ್ಲಲಾರಳು, ಬದಿಯ ಮುಳ್ಳುಕಂಟಿಗೆ ಕಾಲಿಡಲಾರಳು. ಯಾತ್ರಿಕನಿಗೂ ವಿನೋದಕ್ಕೆ ಬಂದವನಿಗೂ ಮೊದಲು ಆ ದಾರಿ ಅವಳದು. ಅವಳಂಥವರ ಕಾಲುಗಳೇ ಅದನ್ನು ಸವೆಯಿಸಿ ದಾರಿಯಾಗಿ ಮಾಡಿದವು. ಸೌದೆ ಮಾರಿ ದಾಸೋಹ ನಡೆಸಿದ ಮೋಳಿಗೆಯ ಮಾರಯ್ಯನವರನ್ನು ಶರಣರೆಂದು ನೆನೆಯುವವರು ಸೌದೆಯ ಹೊರೆಗೆ ಗಂಟೆ ಬಾರಿಸಿ ದಾರಿ ಕೇಳುವುದು ಹೇಗೆ? ಐದು ಆಚಾರಗಳಲ್ಲಿ ಭೃತ್ಯಾಚಾರವನ್ನು ಎಣಿಸುವಾಗ ತಾನು ಸಕಲರಿಗೂ ಕಿಂಕರನೆಂಬ ಭಾವವನ್ನು ಬೋಧಿಸುತ್ತಾರೆ. ಸಭೆಯಲ್ಲಿ ಕೈಮುಗಿದು ಕಿಂಕರನೆನ್ನುವುದು ಸುಲಭ. ಗಾಳಿ ಬೀಸುತ್ತಿರುವಾಗ, ಇಳಿಜಾರು ಎದುರಿಗಿರುವಾಗ, ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೂರುವುದು ಅಷ್ಟು ಸುಲಭವಲ್ಲ.

ಇಷ್ಟು ಹೇಳಿದ ಮೇಲೆ ನಡೆಯುವವನು ತಲೆಯಾಡಿಸಿ ಸಂತೋಷಪಟ್ಟರೆ ಅವನಿಗೂ ಒಂದು ಮಾತಿದೆ. ಕಾಲ್ನಡಿಗೆಯಲ್ಲಿ ಒಂದು ಬಗೆಯ ಅಹಂಕಾರವು ಬೇಗನೆ ಬೆಳೆಯುತ್ತದೆ. ತಾನು ತಪಸ್ಸು ಮಾಡುವವನು, ಚಕ್ರದವನು ಭೋಗಿ. ತಾನು ಕಾಡನ್ನು ಕಾಯುವವನು, ಅವನು ಕೆಡಿಸುವವನು. ಇದು ಎಷ್ಟು ನಿಜ? ೧೯೯೪ರಲ್ಲಿ ಅಮೆರಿಕೆಯ ಮೊಂಟಾನಾ ಪ್ರಾಂತದ ಒಂದು ಪರೀಕ್ಷೆಯ ಫಲವು ಪ್ರಕಟವಾಯಿತು. ನೀರು ಹಾಯಿಸಿ ನೆನೆಸಿದ ಕಾಡುದಾರಿಗಳ ಮೇಲೆ ಕುದುರೆಯ ಗೊರಸು ಮತ್ತು ಮನುಷ್ಯನ ಹೆಜ್ಜೆಗಳು ಚಕ್ರಗಳಿಗಿಂತ ಹೆಚ್ಚು ಮಣ್ಣನ್ನು ಕೊಚ್ಚಿಹೋಗುವಂತೆ ಸಡಿಲಿಸಿದವೆಂದು ಅಲ್ಲಿ ಕಂಡುಬಂತು. ಚಕ್ರವು ನಿರಪರಾಧಿಯೆಂದು ಇದರಿಂದ ತಿಳಿಯಬಾರದು. ಜಾರುತ್ತ ಬ್ರೇಕು ಹಿಡಿದ ಗಾಲಿಯು ಇಳಿಜಾರಿನಲ್ಲಿ ಗೆರೆ ಕೊರೆಯುತ್ತದೆ, ಮಳೆಯ ನೀರು ಆ ಗೆರೆಯನ್ನೇ ಹಿಡಿದು ಕೊರಕಲು ಮಾಡುತ್ತದೆ. ಆದರೆ ಕಾಲು ಮಾತ್ರ ಶುದ್ಧವೆಂಬ ಹೆಮ್ಮೆಗೆ ಆಧಾರವಿಲ್ಲ. ಬೆಂಗಳೂರಿನ ದಕ್ಷಿಣದ ತುರಹಳ್ಳಿ ಕಿರು ಅರಣ್ಯದಲ್ಲಿ ವೃಕ್ಷೋದ್ಯಾನ ಮಾಡುವ ಸರಕಾರದ ಯೋಜನೆಯು ೨೦೨೧ರಲ್ಲಿ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ಬೇಡಿದವರಲ್ಲಿ ಅಲ್ಲಿ ನಡೆಯುವವರೂ ಇದ್ದರು, ಸೈಕಲ್ಲಿನವರೂ ಇದ್ದರು. ದಿನವೂ ಒಂದೇ ದಾರಿಗಾಗಿ ಮುಖ ಸಿಂಡರಿಸಿಕೊಳ್ಳುವವರು ಆ ದಾರಿಯೇ ಹೋಗುವುದೆಂದಾಗ ಒಟ್ಟಿಗೆ ನಿಂತರು.

ಹಾಗಾದರೆ ನಡೆಯುವವನು ಎಂದೂ ಬದಿಗೆ ಸರಿಯಬೇಕಾಗಿಲ್ಲವೇ? ಇಲ್ಲಿಯೇ ವಿಚಾರದ ಗಂಟು ಇರುವುದು. ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತ ತುಳಿದು ಬರುವ ತರುಣನು ಒಮ್ಮೆ ನಿಂತರೆ ಮತ್ತೆ ತುಳಿದು ಏರಲಾರ. ಕೆಳಗಿಳಿಯುವ ಪಾದಚಾರಿಗೆ ಒಂದು ಹೆಜ್ಜೆ ಬದಿಗಿಡುವುದು ಏನೂ ಕಷ್ಟವಲ್ಲ. ಅವನು ಸರಿದು ನಿಂತು "ಬಾ ತಮ್ಮಾ, ಬಾ" ಎಂದರೆ ಯಾವ ಕಾನೂನೂ ಮುರಿಯುವುದಿಲ್ಲ. ಆದರೆ ಆ ಹೆಜ್ಜೆಯು ಅವನು ಕೊಟ್ಟದ್ದೇ ಹೊರತು ಸವಾರನಿಗೆ ಸಲ್ಲತಕ್ಕ ಬಾಕಿಯಲ್ಲ. ಗಾಯ ಮಾಡಬಲ್ಲವನು ಸರಿಯುವುದು ಕರ್ತವ್ಯ, ಗಾಯವಾಗಬಲ್ಲವನು ಸರಿಯುವುದು ದಾನ. ದಾನವನ್ನು ಬೇಡಬಹುದು, ಜುಲುಮೆಯಿಂದ ವಸೂಲು ಮಾಡಬಾರದು. ಸೈಕಲ್ಲಿನ ಗಂಟೆಯ ವಿಷಯವೂ ಇದೇ. ದೂರದಲ್ಲಿಯೇ ಒಮ್ಮೆ ಬಾರಿಸಿ ವೇಗ ತಗ್ಗಿಸಿದರೆ ಅದು "ಹಿಂದೆ ಇದ್ದೇನೆ" ಎಂಬ ಸುದ್ದಿ. ಬೆನ್ನಿಗೆ ಬಂದು ಬಿಡದೆ ಬಾರಿಸಿದರೆ ಅದು ಅಪ್ಪಣೆ. ಲೋಹದ ನಾದ ಒಂದೇ, ಅದರ ಹಿಂದಿರುವ ಮನಸ್ಸು ಬೇರೆ.

ಇನ್ನು ಹುನ್ನೂರಿನ ಅಜ್ಜನು ನಡೆಯುವ ಶ್ರೀಶೈಲದ ದಾರಿಗೆ ಬರೋಣ. ಆತ್ಮಕೂರಿನ ಕಡೆಯ ವೆಂಕಟಾಪುರದಿಂದ ನಲ್ಲಮಲೆಯ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳಗಳನ್ನು ದಾಟಿ ಕೈಲಾಸದ್ವಾರವನ್ನು ಏರುವ ಈ ಕಾಲುದಾರಿಯಲ್ಲಿ ಶಿವರಾತ್ರಿ ಯುಗಾದಿಗಳ ಮುಂಚೆ ಜನವೇ ಜನ. ಅವರೊಳಗೆ ಮರಗಾಲು ಕಟ್ಟಿಕೊಂಡು ಹರಕೆ ಸಲ್ಲಿಸುವವರೂ ಇರುತ್ತಾರೆ. ಮರಗಾಲಿನವನು ಎಲ್ಲರಿಗಿಂತ ಎತ್ತರ, ಆದರೆ ಎಲ್ಲರಿಗಿಂತ ಅಸ್ಥಿರ. ಅವನು ಬಂದಾಗ ಹೇಳಿಸಿಕೊಳ್ಳದೆಯೇ ಜನರು ಸರಿಯುತ್ತಾರೆ. ಕಂಬಿಗೆ ಸರಿಯುತ್ತಾರೆ, ಕಾಲು ಬೊಬ್ಬೆಯೆದ್ದು ಕುಂಟುವವನಿಗೆ ಸರಿಯುತ್ತಾರೆ. ಯಾರೂ ಫಲಕ ಹಾಕಿಲ್ಲ. ಅಂದ ಮೇಲೆ ಈ ಧರ್ಮವು ನಮ್ಮವರಿಗೆ ಹೊಸದಲ್ಲ. ಚಕ್ರದ ಮೇಲೆ ಕುಳಿತೊಡನೆ ಅದನ್ನು ಮರೆಯುವುದು ಮಾತ್ರ ಹೊಸದು.

ಆ ಕಾಡಿನಲ್ಲಿ ಯಾತ್ರಿಕರೆಲ್ಲರೂ ಅತಿಥಿಗಳೆಂಬುದನ್ನೂ ಮರೆಯಲಾಗದು. ಅದು ಚೆಂಚು ಜನರ ನೆಲೆ. ೧೯೮೩ರಿಂದ ಹುಲಿಯ ಸಂರಕ್ಷಿತ ಪ್ರದೇಶ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಭಯಾರಣ್ಯದೊಳಕ್ಕೆ ಹೋಗಲು ಅನುಮತಿ ಬೇಕು, ಹಬ್ಬದ ಕಾಲಕ್ಕೆ ಯಾತ್ರಿಕರಿಗೆಂದು ದಾರಿ ತೆರೆದಿಡುತ್ತಾರೆ. ಯಾತ್ರೆಗೆಂದು ತೆರೆದ ದಾರಿಯನ್ನು ವಿನೋದದ ಸವಾರಿಗೂ ತನ್ನದೆಂದು ತಿಳಿಯುವುದು ಸರಿಯಲ್ಲ. ಅಂತೆಯೇ ಭಕ್ತಿಯ ಹೆಸರಿನಲ್ಲಿ ಪ್ಲಾಸ್ಟಿಕ್ಕಿನ ಚೀಲ ಎಸೆಯುತ್ತ, ಕೂಗುತ್ತ ಹೋಗುವುದೂ ಸರಿಯಲ್ಲ. ರಾತ್ರಿ ಅದೇ ದಾರಿಯಲ್ಲಿ ಬರತಕ್ಕ ಮೃಗಕ್ಕೆ ಗಂಟೆಯಿಲ್ಲ, ದಾರಿ ಬಿಡಿರೆಂದು ಕೇಳುವ ಬಾಯಿಲ್ಲ.

ಮೊಮ್ಮಗನಿಗೆ ಊರ ಸುತ್ತಲಿನ ಗುಡ್ಡಗಳಿವೆ, ಅಲ್ಲಿ ಅವನು ಧಾರಾಳವಾಗಿ ತುಳಿಯಲಿ. ಒಂದು ಬೆಳಗ್ಗೆ ಅಂತಹ ಗುಡ್ಡದ ತಿರುವಿನಲ್ಲಿ ಅವನ ಮುಂದೆ ಒಬ್ಬ ಮುದುಕನು ಕೋಲೂರಿಕೊಂಡು ಹೋಗುತ್ತಿದ್ದಾನೆನ್ನೋಣ. ಒಮ್ಮೆ ಗಂಟೆ ಬಾರಿಸುತ್ತಾನೆ. ಮುದುಕನಿಗೆ ಕಿವಿ ಕೇಳದು. ಎಡಕ್ಕೆ ಬಂಡೆ, ಬಲಕ್ಕೆ ಇಳಿಜಾರು. ಹುಡುಗನು ಇಳಿದು, ಸೈಕಲ್ಲನ್ನು ಕೈಯಲ್ಲಿ ಹಿಡಿದು, ದಾರಿ ಅಗಲವಾಗುವವರೆಗೆ ಆ ನಿಧಾನದ ಹೆಜ್ಜೆಗಳ ಹಿಂದೆಯೇ ನಡೆಯುತ್ತಾನೆ. ಬಯಲು ಬಂದಾಗ ದೂರದಿಂದ ಸುತ್ತಿ ಮುಂದೆ ಹೋಗುತ್ತಾನೆ. ತನ್ನ ಬೆನ್ನ ಹಿಂದೆ ಒಬ್ಬನು ಅಷ್ಟು ಹೊತ್ತು ಕಾದನೆಂಬುದು ಮುದುಕನಿಗೆ ತಿಳಿಯುವುದೇ ಇಲ್ಲ.